ವಲಸೆ ಮತ್ತು ಒಕ್ಕಲೆಬ್ಬಿಸುವಿಕೆಯ ಸಂಶೋಧನೆಯಲ್ಲಿ ವೃತ್ತಿ: ಕೋಲಾರ ಸೀಮೆಯ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕ್ಷೇತ್ರದಲ್ಲಿ ಯಾರ ಬಗ್ಗೆ ಅಧ್ಯಯನ ಮಾಡುತ್ತಾರೆ?

ಗಡಿ ದಾಟಿ ಬಂದ ನಿರಾಶ್ರಿತರು, ದೇಶದೊಳಗೇ ಗಲಭೆ, ಪ್ರವಾಹ, ಅಣೆಕಟ್ಟು, ಗಣಿ, ಕೈಗಾರಿಕೆಗಳಿಂದ ನೆಲೆ ಕಳೆದುಕೊಂಡವರು, ಹೊಟ್ಟೆಪಾಡಿಗೆ ಊರು ಬಿಟ್ಟವರು. ಕಾಗದದ ಮೇಲೆ ಇವು ಬೇರೆ ಬೇರೆ ವರ್ಗ, ನೆಲದ ಮೇಲೆ ಕಲಸಿಹೋಗಿರುತ್ತವೆ. ಬೋರ್‌ವೆಲ್ ಬತ್ತಿ, ಕೈಸಾಲ ಏರಿ, ಇದ್ದ ಎರಡು ಎಕರೆಯ ಸುತ್ತ ಲೇಔಟ್ ಎದ್ದ ಮೇಲೆ ಬೆಂಗಳೂರು ಸೇರಿದ ಕುಟುಂಬ ತಾನಾಗಿ ಹೋಯಿತೋ, ಯಾರೋ ಎಬ್ಬಿಸಿದರೋ? ಈ ಕ್ಷೇತ್ರದ ಅರ್ಧ ಜಗಳ ಇರುವುದು ಇಲ್ಲೇ.

ಕಾನೂನಿನ ಚೌಕಟ್ಟು ಮೊದಲೇ ಗೊತ್ತಿರಲಿ. ನಿರಾಶ್ರಿತರ ಕುರಿತ 1951ರ ಒಡಂಬಡಿಕೆಗೂ 1967ರ ಪೂರಕ ಒಪ್ಪಂದಕ್ಕೂ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯ್ದೆಯೂ ನಮ್ಮಲ್ಲಿಲ್ಲ. ವಿದೇಶಿಯರ ಕಾನೂನೇ ಅವರಿಗೂ ಅನ್ವಯ. ಅದು ಮೊದಲು 1946ರ ಕಾಯ್ದೆ, ಈಗ ಅದರ ಜಾಗಕ್ಕೆ ಬಂದಿರುವ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ. ದೇಶದೊಳಗೆ ಸ್ಥಳಾಂತರಗೊಂಡವರಿಗೆ 1998ರ ವಿಶ್ವಸಂಸ್ಥೆಯ ಮಾರ್ಗದರ್ಶಿ ತತ್ವಗಳಿವೆ, ಆದರೆ ಅವು ಯಾವ ಸರ್ಕಾರವನ್ನೂ ಕಟ್ಟಿಹಾಕುವುದಿಲ್ಲ. ಸಂದರ್ಶನದಲ್ಲಿ ಇದನ್ನು ತಪ್ಪು ಹೇಳಿದರೆ ಮುಂದಿನ ಪ್ರಶ್ನೆಯೇ ಬರುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ನಿರಾಶ್ರಿತರ ಶಿಬಿರಗಳೇ ಇಲ್ಲವಲ್ಲ. ಇಲ್ಲಿ ಕೂತು ಏನು ಸಂಶೋಧನೆ ಮಾಡುವುದು?

ಶಿಬಿರ ನೋಡಲೇಬೇಕೆಂದರೆ 1960ರ ಸುಮಾರಿಗೆ ನೆಲೆಗೊಂಡ ಬೈಲಕುಪ್ಪೆಯ ಟಿಬೆಟನ್ನರಿದ್ದಾರೆ, ಸಿಂಧನೂರಿನ ಬಂಗಾಳಿ ಕ್ಯಾಂಪುಗಳಿವೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದವರು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿದ್ದಾರೆ. ಆದರೆ ನಿಮ್ಮ ಮನೆ ಬಾಗಿಲಲ್ಲೇ ಇರುವುದನ್ನು ಬಿಟ್ಟು ಅಲ್ಲಿಗೆ ಓಡುವ ಅಗತ್ಯವಿಲ್ಲ.

ಕೆ.ಜಿ.ಎಫ್. ನೋಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಹಿಡಿದ ಮೇಲೆ ತಮಿಳು ಸೀಮೆಯಿಂದ, ಬಹುಪಾಲು ದಲಿತ ಕುಟುಂಬಗಳು ಬಂದು ನೆಲೆಸಿದವು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಜನ ಊರು ಬಿಡಲಿಲ್ಲ. ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ವಾಪಸ್ಸಾಗುತ್ತಾರೆ. ಮನೆ ಅಲ್ಲೇ ಇದೆ, ಬದುಕು ಮಾತ್ರ ಸ್ಥಳಾಂತರಗೊಂಡಿದೆ. ಯಾವ ವಲಸೆ ಪಟ್ಟಿಯಲ್ಲೂ ಇವರಿಲ್ಲ.

ಇನ್ನೊಂದು ತುದಿಯಲ್ಲಿ ತುಮಕೂರು ಜಿಲ್ಲೆಯ ಪಾವಗಡ. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಜಮೀನನ್ನು ಸರ್ಕಾರ ಸ್ವಾಧೀನ ಮಾಡಿಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡಿತು. ಆರಂಭದ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಪಹಣಿ ಇದ್ದವನಿಗೆ ದುಡ್ಡು ಬಂತು. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವಳಿಗೂ ಕುರಿ ಮೇಯಿಸುತ್ತಿದ್ದವನಿಗೂ ಏನು ಸಿಕ್ಕಿತು? 2013ರ ಭೂಸ್ವಾಧೀನ ಕಾಯ್ದೆ ಮೂರು ವರ್ಷ ಆ ನೆಲವನ್ನು ನಂಬಿ ಬದುಕಿದ ಕೂಲಿಕಾರ ಕುಟುಂಬವನ್ನೂ ‘ಬಾಧಿತ ಕುಟುಂಬ’ ಎನ್ನುತ್ತದೆ. ಸ್ವಾಧೀನವೇ ಆಗದಿದ್ದರೆ ಆ ಕಾಯ್ದೆ ಹತ್ತಿರ ಸುಳಿಯುವುದಿಲ್ಲ. ಒಂದು ಪಿಎಚ್.ಡಿ.ಗೆ ಈ ಒಂದು ಪ್ರಶ್ನೆ ಸಾಕು.

ಇನ್ನು ಮಾಲೂರಿನ ಇಟ್ಟಿಗೆ ಗೂಡುಗಳು, ನರಸಾಪುರ–ವೇಮಗಲ್ ಕಾರ್ಖಾನೆಗಳ ಸುತ್ತ ಎದ್ದಿರುವ ಪಿ.ಜಿ.ಗಳು, ಬಾಗೇಪಲ್ಲಿ, ಗುಡಿಬಂಡೆ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವವರು. ವಿಷಯಕ್ಕೆ ಬರ ಇಲ್ಲ.

ಡಿಗ್ರಿ, ಎಂ.ಎ.ಯಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕು?

‘ವಲಸೆ ಅಧ್ಯಯನ’ ಎಂಬ ಹೆಸರಿನ ಕೋರ್ಸ್ ಹುಡುಕುತ್ತಾ ವರ್ಷ ಕಳೆಯಬೇಡಿ. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಕಾನೂನು, ಸಮಾಜಕಾರ್ಯ, ಜನಸಂಖ್ಯಾ ಅಧ್ಯಯನ, ಇವುಗಳಲ್ಲಿ ಒಂದನ್ನು ಗಟ್ಟಿಯಾಗಿ ಹಿಡಿಯಿರಿ. ಕಾರಣ ಸರಳ: ಸಹಾಯಕ ಪ್ರಾಧ್ಯಾಪಕ ಹುದ್ದೆಗಳು ವಿಷಯವಾರು ಕರೆಯಲ್ಪಡುತ್ತವೆ, ಅಧ್ಯಾಪಕ ಅರ್ಹತೆಯ ನೆಟ್ (ರಾಷ್ಟ್ರ ಮಟ್ಟ), ಕೆ-ಸೆಟ್ (ರಾಜ್ಯ ಮಟ್ಟ) ಪರೀಕ್ಷೆಗಳೂ ವಿಷಯವಾರೇ ಇವೆ. ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳಿಗೆ ಹುದ್ದೆ ಇದೆ, ವಲಸೆಗೆಂದು ಇಲ್ಲ. ವಿದೇಶದಲ್ಲಿ ಒಳ್ಳೆಯ ವಲಸೆ ಕೋರ್ಸ್ ಮುಗಿಸಿ ಬಂದವರು ‘ಮೂಲ ವಿಷಯ ಹೊಂದುವುದಿಲ್ಲ’ ಎಂಬ ಕಾರಣಕ್ಕೆ ಅರ್ಜಿ ಪರಿಶೀಲನೆಯಲ್ಲೇ ಬಿದ್ದುಹೋಗುವುದುಂಟು.

ಕೋಲಾರದಲ್ಲೇ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ, ಪಕ್ಕದಲ್ಲಿ ತುಮಕೂರು ವಿಶ್ವವಿದ್ಯಾಲಯ ಇವೆ. ಅಂಕಿಅಂಶದ ಕಡೆ ಒಲವಿದ್ದರೆ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ಪ್ರವೇಶ ಪರೀಕ್ಷೆ ಬರೆಯಿರಿ. ಬೆಂಗಳೂರಿನ ನಾಗರಬಾವಿಯ ಐಸೆಕ್‌ನಲ್ಲಿ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) ಜನಸಂಖ್ಯಾ ಸಂಶೋಧನಾ ಕೇಂದ್ರವಿದೆ. ತಿರುವನಂತಪುರದ ಸಿ.ಡಿ.ಎಸ್. (ಅಭಿವೃದ್ಧಿ ಅಧ್ಯಯನ ಕೇಂದ್ರ) 1998ರಿಂದ ಕೇರಳ ವಲಸೆ ಸಮೀಕ್ಷೆಗೆ ಹೆಸರಾಗಿದೆ, ಅದರ ಪ್ರಶ್ನಾವಳಿ ಓದುವುದೇ ಒಂದು ಪಾಠ. ನಿರಾಶ್ರಿತರ ವಿಷಯವೇ ಬೇಕೆಂದರೆ ‘ರೆಫ್ಯೂಜಿ ವಾಚ್’ ಪತ್ರಿಕೆ ತರುವ ಕಲ್ಕತ್ತಾ ರಿಸರ್ಚ್ ಗ್ರೂಪ್‌ನ ಕಾರ್ಯಾಗಾರಗಳ ಮೇಲೆ ಕಣ್ಣಿಡಿ.

ನೆಟ್, ಕೆ-ಸೆಟ್, ಜೆ.ಆರ್.ಎಫ್. ಬೇಕೇ ಬೇಕೇ?

ಜೆ.ಆರ್.ಎಫ್. (ನೆಟ್ ಮೂಲಕ ಸಿಗುವ ಸಂಶೋಧನಾ ಫೆಲೋಶಿಪ್) ಬಂದರೆ ಬದುಕು ಬದಲಾಗುತ್ತದೆ. ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ವಯೋಮಿತಿ 30, ಮಹಿಳೆಯರಿಗೂ ಮೀಸಲು ವರ್ಗಗಳಿಗೂ ಐದು ವರ್ಷ ಸಡಿಲಿಕೆ ಇದೆ. ನೆಟ್‌ನ ಮೊದಲ ಪತ್ರಿಕೆ (ಎಲ್ಲರಿಗೂ ಒಂದೇ) 50 ಪ್ರಶ್ನೆ, ಎರಡನೆಯದು (ನಿಮ್ಮ ವಿಷಯದ್ದು) 100 ಪ್ರಶ್ನೆ, ಮೂರು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ವಿಷಯ ಗೊತ್ತಿದ್ದೂ ಜೆ.ಆರ್.ಎಫ್. ತಪ್ಪಿಸಿಕೊಳ್ಳುವವರಲ್ಲಿ ಬಹಳಷ್ಟು ಜನ ಜಾರುವುದು ಮೊದಲ ಪತ್ರಿಕೆಯಲ್ಲಿ. ಅದನ್ನು ಸಾಮಾನ್ಯ ಜ್ಞಾನವೆಂದು ತಾತ್ಸಾರ ಮಾಡಿರುತ್ತಾರೆ.

2024ರ ಜೂನ್‌ನಿಂದ ನೆಟ್ ಫಲಿತಾಂಶ ಮೂರು ಬಗೆಯಲ್ಲಿ ಬರುತ್ತಿದೆ: ಜೆ.ಆರ್.ಎಫ್. ಜೊತೆಗೆ ಅಧ್ಯಾಪಕ ಅರ್ಹತೆ, ಅಧ್ಯಾಪಕ ಅರ್ಹತೆ ಮತ್ತು ಪಿಎಚ್.ಡಿ. ಪ್ರವೇಶ, ಬರೀ ಪಿಎಚ್.ಡಿ. ಪ್ರವೇಶ. ಮೂರನೆಯದು ಬಂದರೆ ಪ್ರವೇಶಕ್ಕೆ ಒಂದೇ ವರ್ಷ ಚಲಾವಣೆ. ಕೆ-ಸೆಟ್ ಪಾಸಾದರೆ ರಾಜ್ಯದ ಕಾಲೇಜುಗಳಿಗೆ ಅರ್ಹತೆ ಸಿಗುತ್ತದೆ, ಫೆಲೋಶಿಪ್ ಸಿಗುವುದಿಲ್ಲ. ಎರಡನ್ನೂ ಬರೆಯಿರಿ.

ಪಿಎಚ್.ಡಿ.ಗೆ ಎಷ್ಟು ಕಾಲ? ಎಲ್ಲಿ ಕೈಕೊಡುತ್ತದೆ?

ಯು.ಜಿ.ಸಿ.ಯ 2022ರ ನಿಯಮದ ಪ್ರಕಾರ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಎಂಟು, ಸಹ ಪ್ರಾಧ್ಯಾಪಕರ ಬಳಿ ಆರು, ಸಹಾಯಕ ಪ್ರಾಧ್ಯಾಪಕರ ಬಳಿ ನಾಲ್ಕು ವಿದ್ಯಾರ್ಥಿಗಳಿಗಷ್ಟೇ ಅವಕಾಶ. ಆದ್ದರಿಂದ ಗೈಡ್ ಒಪ್ಪಿದರೂ ‘ಸೀಟು’ ಖಾಲಿ ಇದೆಯೇ ಎಂದು ವಿಭಾಗದಲ್ಲಿ ವಿಚಾರಿಸಿಯೇ ಸಿನಾಪ್ಸಿಸ್ ಬರೆಯಿರಿ.

ಕೈಕೊಡುವುದು ಹೆಚ್ಚಾಗಿ ಶೀರ್ಷಿಕೆಯಲ್ಲಿ. ‘ಕೋಲಾರ ಜಿಲ್ಲೆಯಲ್ಲಿ ವಲಸೆ: ಒಂದು ಸಮಾಜಶಾಸ್ತ್ರೀಯ ಅಧ್ಯಯನ’ ಎಂದು ನೋಂದಾಯಿಸಿದರೆ ಐದನೇ ವರ್ಷದಲ್ಲೂ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಯಾರು, ಎಲ್ಲಿಂದ ಎಲ್ಲಿಗೆ, ಯಾವ ವರ್ಷಗಳ ನಡುವೆ, ಯಾವುದರ ಮೇಲೆ ಪರಿಣಾಮ, ಈ ನಾಲ್ಕೂ ಶೀರ್ಷಿಕೆಯಲ್ಲೇ ಕಾಣಬೇಕು. ಇನ್ನೊಂದು ಚಾಳಿ ಇದೆ, ಅದನ್ನು ಇಷ್ಟಪಡುವವರು ಯಾರೂ ಇಲ್ಲ: ಒಕ್ಕಲೆಬ್ಬಿಸಿದವರಿಗೆ ಎದುರಾಗುತ್ತವೆಂದು ಸಮಾಜಶಾಸ್ತ್ರಜ್ಞ ಮೈಕೆಲ್ ಸರ್ನಿಯಾ ಹೇಳಿದ ಎಂಟು ಅಪಾಯಗಳನ್ನು (ಭೂಮಿ, ಉದ್ಯೋಗ, ಮನೆ ಕಳೆದುಕೊಳ್ಳುವುದು, ಮೂಲೆಗುಂಪಾಗುವುದು, ಆಹಾರದ ಅಭದ್ರತೆ, ರೋಗ, ಗೋಮಾಳದಂಥ ಸಾಮೂಹಿಕ ಆಸ್ತಿಯ ನಷ್ಟ, ಸಂಬಂಧಗಳ ಒಡಕು) ಎಂಟು ಅಧ್ಯಾಯ ಮಾಡಿ ತುಂಬಿಸುವುದು. ಅದು ನೋಡಲು ಬಳಸುವ ಚೌಕಟ್ಟು, ಪರಿವಿಡಿಯಲ್ಲ.

ಅಂಕಿಅಂಶ ಎಲ್ಲಿ ಸಿಗುತ್ತದೆ? ಜಿಲ್ಲೆಯ ವಲಸಿಗರ ಸಂಖ್ಯೆ ಬೇಕು.

2011ರ ಜನಗಣತಿಯ ಡಿ-ಸರಣಿ (ವಲಸೆಯ) ಕೋಷ್ಟಕಗಳೇ ಇವತ್ತಿಗೂ ಜಿಲ್ಲಾ ಮಟ್ಟಕ್ಕೆ ಆಧಾರ. ಮುಂದಿನ ಗಣತಿಯ ಆಧಾರ ದಿನ 2027ರ ಮಾರ್ಚ್ 1, ಅದರ ವಲಸೆ ಕೋಷ್ಟಕಗಳು ಕೈಗೆ ಬರಲು ಇನ್ನೂ ಕಾಯಬೇಕು. ಡಿ-ಸರಣಿ ಬಳಸುವಾಗ ಮೂರು ಎಚ್ಚರ. 2011ರಲ್ಲಿ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರು ಎಂಬುದನ್ನು ನೋಡಿ ಗಾಬರಿಯಾಗಬೇಡಿ, ಅದರಲ್ಲಿ ದೊಡ್ಡ ಪಾಲು ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳದ್ದು. ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಸೊಸೆಯಾಗಿ ಬಂದವಳೂ ಆ ಲೆಕ್ಕದಲ್ಲಿದ್ದಾಳೆ. ಕಾರಣಗಳ ಪಟ್ಟಿಯಲ್ಲಿ ಕೆಲಸ, ವ್ಯಾಪಾರ, ಓದು, ಮದುವೆ, ಕುಟುಂಬದ ಜೊತೆ, ಇತರೆ ಎಂದೆಲ್ಲ ಇದೆ, ‘ಯೋಜನೆಗಾಗಿ ಒಕ್ಕಲೆಬ್ಬಿಸಿದರು’ ಎಂಬುದೇ ಇಲ್ಲ. ನೆಲ ಕಳೆದುಕೊಂಡವರು ‘ಇತರೆ’ಯಲ್ಲಿ ಕರಗಿಹೋಗುತ್ತಾರೆ. ಮೂರನೆಯದಾಗಿ, ದಿನಾ ಹೋಗಿ ಬರುವವರು ಇದರಲ್ಲಿಲ್ಲ. ಕೆ.ಜಿ.ಎಫ್., ಬಂಗಾರಪೇಟೆ ರೈಲಿನ ಜನ ಬೇಕಿದ್ದರೆ ಬಿ-28 ಕೋಷ್ಟಕ ತೆಗೆಯಿರಿ. ಕೆಲಸಕ್ಕೆ ಎಷ್ಟು ದೂರ, ಯಾವ ವಾಹನದಲ್ಲಿ ಎಂಬುದು ಅಲ್ಲಿದೆ.

ಅಲ್ಪಾವಧಿ ವಲಸೆಗೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ 64ನೇ ಸುತ್ತು (2007–08) ನೋಡಿ. ಅಲ್ಲಿ ಯೋಜನೆಗಳಿಂದ ಸ್ಥಳಾಂತರ ಎಂಬ ಕಾರಣವೂ ದಾಖಲಾಗಿದೆ. 2020–21ರ ಕಾರ್ಮಿಕ ಶಕ್ತಿ ಸಮೀಕ್ಷೆಯಲ್ಲೂ ವಲಸೆಯ ಪ್ರಶ್ನೆಗಳಿದ್ದವು. ಅದರ ಪ್ರಕಾರ ದೇಶದ ವಲಸೆ ದರ ಶೇ. 28.9. ಮೂಲ ದತ್ತಾಂಶ ಅಂಕಿಅಂಶ ಸಚಿವಾಲಯದ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಉಚಿತ. ಆದರೆ ಅದರಿಂದ ಕೋಲಾರ ಜಿಲ್ಲೆಗೆಂದು ಪ್ರತ್ಯೇಕ ಶೇಕಡಾವಾರು ತೆಗೆಯಬೇಡಿ. ಒಂದು ಜಿಲ್ಲೆಗೆ ಸಿಗುವ ಮಾದರಿ ಮನೆಗಳು ತೀರಾ ಕಡಿಮೆ, ಪರೀಕ್ಷಕರು ಅದನ್ನೇ ಮೊದಲು ಹಿಡಿಯುತ್ತಾರೆ.

ಊರ ಮಟ್ಟದಲ್ಲಿ ಅಂಗನವಾಡಿ ಕಾರ್ಯಕರ್ತೆಯ ಕುಟುಂಬ ಸಮೀಕ್ಷೆ ಪುಸ್ತಕದಷ್ಟು ಒಳ್ಳೆಯ ದಾಖಲೆ ಇನ್ನೊಂದಿಲ್ಲ. ಬಾಣಂತನಕ್ಕೆ ಬಂದವರು, ಮಗುವನ್ನು ಕರೆದುಕೊಂಡು ಬೆಂಗಳೂರಿಗೆ ಹೋದವರು ಎಲ್ಲ ಅದರಲ್ಲಿರುತ್ತಾರೆ. ಇಲಾಖೆಯ ಅನುಮತಿ ಪತ್ರ ತಂದು ನೋಡಿ. ಆಕೆಯ ಒಳ್ಳೆಯತನ ನಂಬಿ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡರೆ ನಾಳೆ ಮೆಮೊ ಬರುವುದು ಅವರಿಗೆ.

ಹಳ್ಳಿಯಲ್ಲಿ ಮನೆಮನೆ ಸಮೀಕ್ಷೆ ಹೇಗೆ ಮಾಡುವುದು?

ಮೊದಲು ಪಟ್ಟಿ, ಆಮೇಲೆ ಮಾದರಿ. ಪಂಚಾಯಿತಿಯ ಮನೆ ಕಂದಾಯದ ವಹಿ ಹಿಡಿದು ಹೊರಟರೆ ಆಸ್ತಿ ಇದ್ದವರು ಮಾತ್ರ ಸಿಗುತ್ತಾರೆ. ಊರಾಚೆಯ ಕಾಲನಿಯ ಒಂದೇ ಸೂರಿನಡಿ ಮೂರು ಒಲೆ ಇರುವುದು ಅದರಲ್ಲಿ ಕಾಣದು. ನೀವೇ ಬೀದಿ ಬೀದಿ ನಡೆದು ಒಲೆಗೊಂದು ಮನೆಯಂತೆ ನಂಬರ್ ಹಾಕಿ.

ಕೆಲಸ ಕೆಡುವುದು ಬೀಗ ಹಾಕಿದ ಮನೆಗಳ ಮುಂದೆ. ಬೀಗ ಕಂಡ ಕೂಡಲೇ ‘ಲಭ್ಯವಿಲ್ಲ’ ಎಂದು ಬರೆದು ಪಕ್ಕದ ಮನೆಗೆ ಹೋದರೆ ನಿಮ್ಮ ಸಮೀಕ್ಷೆಯಿಂದ ಬಿಟ್ಟುಹೋದವರೇ ವಲಸಿಗರು. ಬೀಗದಲ್ಲಿ ಮೂರು ಬಗೆ: ಕೂಲಿಗೆ ಹೋಗಿ ಸಂಜೆ ಬರುವವರು, ಹಂಗಾಮಿಗೆ ಹೋದವರು, ಬಾರದೇ ಹೋದವರು. ಮೂರಕ್ಕೂ ಬೇರೆ ಬೇರೆ ಗುರುತು ಹಾಕಿ, ಅಕ್ಕಪಕ್ಕದ ಇಬ್ಬರನ್ನಾದರೂ ಕೇಳಿ. ಅಂಗಳದಲ್ಲಿ ಹುಲ್ಲು ಬೆಳೆದಿದೆಯೇ, ಕರೆಂಟ್ ಮೀಟರ್ ಓಡುತ್ತಿದೆಯೇ ನೋಡಿ. ಪಡಿತರ ಯಾವ ತಿಂಗಳಿಂದ ಎತ್ತಿಲ್ಲ ಎಂದು ನ್ಯಾಯಬೆಲೆ ಅಂಗಡಿಯವರಿಗೆ ಗೊತ್ತಿರುತ್ತದೆ, ಆದರೆ ಬೇರೆ ಊರಿನ ಅಂಗಡಿಯಲ್ಲೂ ಪಡಿತರ ಪಡೆಯಬಹುದಾದ್ದರಿಂದ ಅದೊಂದನ್ನೇ ನೆಚ್ಚಬೇಡಿ. ಭೇಟಿ ಬೆಳಿಗ್ಗೆ ಏಳರೊಳಗೆ ಇಲ್ಲವೇ ಸಂಜೆ ಆರೂವರೆ ಮೇಲೆ. ಕಾರ್ಖಾನೆ ಬಸ್ಸು ಹತ್ತುವ ಹೆಣ್ಣುಮಕ್ಕಳು ಭಾನುವಾರ ಮಾತ್ರ ಸಿಗುತ್ತಾರೆ, ಅವತ್ತು ಅವರಿಗೆ ಬಟ್ಟೆ ಒಗೆಯುವ ದಿನ, ಇಪ್ಪತ್ತು ನಿಮಿಷದಲ್ಲಿ ಮುಗಿಸಿ.

‘ನಿಮ್ಮಲ್ಲಿ ಯಾರಾದರೂ ವಲಸೆ ಹೋಗಿದ್ದಾರಾ?’ ಎಂದು ಕೇಳಿದರೆ ‘ಇಲ್ಲ ಸಾರ್’ ಎಂಬ ಉತ್ತರ ಗ್ಯಾರಂಟಿ. ‘ಹೋದ ಯುಗಾದಿಯಿಂದ ಈಚೆಗೆ ಮನೆಯವರು ಯಾರಾದರೂ ತಿಂಗಳಿಗಿಂತ ಜಾಸ್ತಿ ಬೇರೆ ಕಡೆ ಇದ್ದು ಬಂದರಾ?’ ಎಂದು ಕೇಳಿ. ಇಸವಿ, ತಿಂಗಳು ನೆನಪಿರುವುದಿಲ್ಲ. ರಾಗಿ ಬಿತ್ತನೆ, ಕೊಯ್ಲು, ಸಂಕ್ರಾಂತಿ, ಊರ ಜಾತ್ರೆ ಹಿಡಿದು ಒಂದು ಪಟ್ಟಿ ಮಾಡಿಕೊಂಡು ಅದರ ಮೇಲೆ ಗುರುತು ಹಾಕಿಸಿ. ಮುಳಬಾಗಿಲು, ಬಾಗೇಪಲ್ಲಿ, ಪಾವಗಡದಲ್ಲಿ ಮನೆಮಾತು ತೆಲುಗು ಇರಬಹುದು, ಕೆ.ಜಿ.ಎಫ್.ನಲ್ಲಿ ತಮಿಳು. ಪ್ರಶ್ನಾವಳಿ ಕನ್ನಡದಲ್ಲಿ ಮಾತ್ರ ಇದ್ದರೆ ಪ್ರತಿ ಸಮೀಕ್ಷಕ ತನಗೆ ತೋಚಿದಂತೆ ಅನುವಾದ ಮಾಡಿಕೊಂಡು ಕೇಳುತ್ತಾನೆ. ಮೂರು ಭಾಷೆಯಲ್ಲೂ ಅಚ್ಚು ಹಾಕಿಸಿ.

ಮಾದರಿ ಗಾತ್ರ: ಶೇ. 5 ದೋಷದ ಮಿತಿಗೆ ಪುಸ್ತಕದ ಸೂತ್ರ ಕೊಡುವ ಸಂಖ್ಯೆ 385. ಅದು ಚೀಟಿ ಎತ್ತಿದಂತೆ ಎಲ್ಲೆಡೆಯಿಂದ ಆಯ್ದರೆ ಮಾತ್ರ. ಕೆಲವೇ ಊರುಗಳನ್ನು ಆರಿಸಿ ಅಲ್ಲೇ ಮನೆಗಳನ್ನು ತೆಗೆದುಕೊಂಡರೆ ಒಂದೂವರೆಯಿಂದ ಎರಡು ಪಟ್ಟು ಬೇಕಾಗುತ್ತದೆ.

ಇಟ್ಟಿಗೆ ಗೂಡು, ಕಾರ್ಖಾನೆ ವಸತಿಗಳಲ್ಲಿ ಮಾತನಾಡಿಸಲು ಮಾಲೀಕರ ಅನುಮತಿ ಪಡೆಯಬೇಕೆ?

ಒಳಗೆ ಕಾಲಿಡಲು ಬೇಕು. ಆದರೆ ಮಾಲೀಕನ ಜೊತೆ ಬಂದವರಿಗೆ ಕೂಲಿಕಾರರು ನಿಜ ಹೇಳುವುದಿಲ್ಲ, ಮೇಸ್ತ್ರಿ ಪಕ್ಕದಲ್ಲೇ ನಿಂತಿರುತ್ತಾನೆ. ವಾರದ ಸಂತೆ, ದಿನಸಿ ಅಂಗಡಿ, ಮೊಬೈಲ್ ರೀಚಾರ್ಜ್ ಅಂಗಡಿಗಳೇ ಮಾತಿಗೆ ಜಾಗ. ಗೂಡುಗಳಲ್ಲಿ ಸಾಮಾನ್ಯವಾಗಿ ಮುಂಗಡ ಕೊಟ್ಟು ಕರೆತಂದು ಸಾವಿರ ಇಟ್ಟಿಗೆಗೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಮುಂಗಡ ಎಷ್ಟು, ತೀರಿದ್ದೆಷ್ಟು, ತೀರುವ ಮುನ್ನ ಊರಿಗೆ ಹೋಗಲು ಬಿಡುತ್ತಾರೆಯೇ, ಈ ಮೂರು ಪ್ರಶ್ನೆಗೆ ಸಿಗುವ ಉತ್ತರ 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಆಗ ಏನು ಮಾಡುತ್ತೀರಿ ಎಂಬುದನ್ನು ಹೋಗುವ ಮೊದಲೇ ಗೈಡ್ ಜೊತೆ, ನೈತಿಕ ಸಮಿತಿಯ (ಜನರನ್ನು ಒಳಗೊಂಡ ಸಂಶೋಧನೆಗೆ ಅನುಮತಿ ಕೊಡುವ ಸಮಿತಿ) ಜೊತೆ ತೀರ್ಮಾನಿಸಿ ಬರೆದಿಡಿ. ಅಲ್ಲಿ ನಿಂತು ತೀರ್ಮಾನಿಸಲು ಹೋದರೆ ನೀವು ಸಂಜೆ ಮನೆಗೆ ಬರುತ್ತೀರಿ, ಅನುಭವಿಸುವುದು ಆ ಕುಟುಂಬ.

ಸಹಿ ಮಾಡಿದ ಒಪ್ಪಿಗೆ ಪತ್ರ ಎಲ್ಲ ಕಡೆ ಒಳ್ಳೆಯದಲ್ಲ. ಭೂಮಿ ಕಳೆದುಕೊಂಡವರು ಒಮ್ಮೆ ಸಹಿ ಹಾಕಿಯೇ ಕೆಟ್ಟಿರುತ್ತಾರೆ, ಹೆಬ್ಬೆಟ್ಟು ಎಂದರೆ ಹಿಂದೆ ಸರಿಯುತ್ತಾರೆ. ಬಾಯಿಮಾತಿನ ಒಪ್ಪಿಗೆಯನ್ನು ಧ್ವನಿಮುದ್ರಿಸಲು ಸಮಿತಿಯಿಂದ ಮುಂಚೆಯೇ ಅನುಮತಿ ಪಡೆಯಿರಿ. ಒಂದು ಗಂಟೆಯ ಮಾತು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಅರವತ್ತು ಸಂದರ್ಶನದ ಆಸೆ ಇಟ್ಟುಕೊಳ್ಳುವ ಮುನ್ನ ಈ ಲೆಕ್ಕ ಹಾಕಿ.

ಭೂಸ್ವಾಧೀನದ ಕಾಗದಪತ್ರ ಓದುವುದು ಹೇಗೆ?

ಯಾವ ಕಾಯ್ದೆಯಡಿ ಎಂಬುದೇ ಮೊದಲ ಪ್ರಶ್ನೆ. 2013ರ ಕಾಯ್ದೆಯಾದರೆ ಸಾಮಾಜಿಕ ಪರಿಣಾಮ ಅಧ್ಯಯನ ಇರಬೇಕು, ಖಾಸಗಿ ಕಂಪನಿಗಾದರೆ ಶೇ. 80, ಸರ್ಕಾರಿ–ಖಾಸಗಿ ಸಹಭಾಗಿತ್ವವಾದರೆ ಶೇ. 70 ಒಪ್ಪಿಗೆ ಬೇಕು. ನಮ್ಮ ಕಡೆಯ ಕೈಗಾರಿಕಾ ಪ್ರದೇಶಗಳಿಗೆ ಸಾಮಾನ್ಯವಾಗಿ ಬಳಸುವುದು 1966ರ ಕೆ.ಐ.ಎ.ಡಿ.ಬಿ. (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆ. ಅದರಲ್ಲಿ ಸೆಕ್ಷನ್ 28(1) ಪ್ರಾಥಮಿಕ ಅಧಿಸೂಚನೆ, 28(4) ಅಂತಿಮ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಹೋರಾಟ ಇದೇ ಕಾಯ್ದೆಯಡಿಯ ಸ್ವಾಧೀನದ ವಿರುದ್ಧ ನಡೆದದ್ದು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಘೋಷಿಸಿತು.

ಪಹಣಿಯಲ್ಲಿ 9ನೇ ಕಾಲಂ ಮಾಲೀಕರದ್ದು, 11 ಋಣ ಮತ್ತು ಇತರ ಹಕ್ಕುಗಳದ್ದು, 12 ಸಾಗುವಳಿದಾರರದ್ದು. ಅಧಿಸೂಚನೆಯ ಗುರುತು 11ರಲ್ಲಿ ಸಿಗುತ್ತದೆ. 12ರಲ್ಲೂ ಮಾಲೀಕನ ಹೆಸರೇ ಇದ್ದರೆ ಗೇಣಿಗೆ ಉಳುವವರು ಇಲ್ಲವೆಂದು ತಿಳಿಯಬೇಡಿ. ಬಾಯಿಮಾತಿನ ಮೇಲೆ ವಾರಕ್ಕೆ (ಬೆಳೆಯ ಪಾಲಿಗೆ) ಉಳುವವರು ಅಲ್ಲಿ ನಮೂದಾಗಿರುವುದು ಅಪರೂಪ. ಸಿಗದ ಕಡತಕ್ಕೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕೊಟ್ಟು ಅರ್ಜಿ ಹಾಕಿ, 30 ದಿನದ ಗಡುವಿದೆ. ‘ಎಲ್ಲ ದಾಖಲೆ ಕೊಡಿ’ ಎಂದು ಕೇಳಿದರೆ ಹಿಂಬರಹ ಬರುತ್ತದೆ, ಅಧಿಸೂಚನೆ ಸಂಖ್ಯೆ, ಸರ್ವೆ ನಂಬರ್ ಹಾಕಿ ಕೇಳಿ.

ವಿದೇಶದಲ್ಲಿ ಓದಲು ಹಣ?

ಆಕ್ಸ್‌ಫರ್ಡ್‌ನ ನಿರಾಶ್ರಿತರ ಅಧ್ಯಯನ ಕೇಂದ್ರ 1982ರದ್ದು, ಅದರ ಎಂ.ಎಸ್ಸಿ. ಒಂಬತ್ತು ತಿಂಗಳು. ಟೊರಾಂಟೊದ ಯಾರ್ಕ್, ಕೈರೋದ ಅಮೆರಿಕನ್ ವಿಶ್ವವಿದ್ಯಾಲಯಗಳಲ್ಲೂ ಕೇಂದ್ರಗಳಿವೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ಮುಗಿಸಿ ಎರಡು ವರ್ಷ ದೇಶಕ್ಕೆ ಮರಳಬೇಕು. ಪರಿಶಿಷ್ಟ ಜಾತಿ, ಭೂರಹಿತ ಕೃಷಿ ಕಾರ್ಮಿಕ ಮೊದಲಾದ ಕುಟುಂಬಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಒಂದು ಕೊಕ್ಕೆ ಮಾತ್ರ ಗಮನಿಸಿ: 2022ರಿಂದ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಕುರಿತ ಸಂಶೋಧನೆಗೆ ಅದು ಸಿಗುವುದಿಲ್ಲ. ಕೆ.ಜಿ.ಎಫ್. ಬಗ್ಗೆ ಬರೆಯುತ್ತೇನೆಂದರೆ ಅರ್ಜಿ ಬಿದ್ದಂತೆ. ನಮ್ಮ ದೃಷ್ಟಿಯಲ್ಲಿ ಇದು ಅನ್ಯಾಯದ ನಿಯಮ, ಆದರೂ ಅರ್ಜಿ ತುಂಬುವ ಮುನ್ನ ಓದಲೇಬೇಕಾದ ನಿಯಮ. ಪರಿಶಿಷ್ಟ ಜಾತಿ, ಪಂಗಡದವರಿಗೆ ವಿದೇಶ ವ್ಯಾಸಂಗಕ್ಕೆ ನೆರವು ಕೊಡುವ ರಾಜ್ಯದ ಪ್ರಬುದ್ಧ ಯೋಜನೆಯನ್ನೂ ವಿಚಾರಿಸಿ.

ಅಧ್ಯಾಪನ ಬಿಟ್ಟರೆ ಬೇರೆ ಕೆಲಸ?

ಸಂಶೋಧನಾ ಸಂಸ್ಥೆಗಳ ಯೋಜನಾ ಸಹಾಯಕ ಹುದ್ದೆ, ಸ್ವಯಂಸೇವಾ ಸಂಸ್ಥೆ, ಕಾರ್ಮಿಕ ಕಾನೂನು ನೆರವು, ಸಲಹಾ ಕಂಪನಿ. ಬಹುತೇಕ ಗುತ್ತಿಗೆ, ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಮೇಲೆ ಎಲ್ಲರ ಕಣ್ಣು. 2025ರಲ್ಲಿ ದಾನಿ ದೇಶಗಳ ನೆರವು ಕುಸಿದು ಅದು ಸಾವಿರಾರು ಹುದ್ದೆ ಕಡಿತ ಮಾಡಿತು, ಹೊಸಬರಿಗೆ ಬಾಗಿಲು ಈಗ ಬಹಳ ಕಿರಿದು. ಅದೊಂದನ್ನೇ ನಂಬಿ ಕೂರುವುದು ಜಾಣತನವಲ್ಲ. ಆರ್ ಅಥವಾ ಸ್ಟಾಟಾ ತಂತ್ರಾಂಶದಲ್ಲಿ ದತ್ತಾಂಶ ಬಿಡಿಸಬಲ್ಲ, ಜೊತೆಗೆ ತೆಲುಗು, ತಮಿಳು, ಹಿಂದಿಯಲ್ಲಿ ಮಾತನಾಡಿಸಬಲ್ಲವರಿಗೆ ಕೆಲಸ ಹುಡುಕಿಕೊಂಡೇ ಬರುತ್ತದೆ.

ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಅಡ್ಡಿಯಾಗುವುದಿಲ್ಲವೇ?

ಪ್ರಬಂಧ ಪ್ರಕಟಿಸುವಾಗ ಆಗುತ್ತದೆ, ಕ್ಷೇತ್ರಕಾರ್ಯದಲ್ಲಿ ಅಲ್ಲ. ದಿನಕ್ಕೆ ಒಂದು ಲೇಖನದ ಸಾರಾಂಶ ಓದಿ, ಅದನ್ನೇ ಕನ್ನಡದಲ್ಲಿ ಐದು ಸಾಲು ಬರೆಯುವುದನ್ನು ರೂಢಿಸಿಕೊಂಡರೆ ಓದಿನ ಭಯ ಬಿಡುತ್ತದೆ. ಹಣ ಕಟ್ಟಿದರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳಿಗೆ ಮಾತ್ರ ಬಲಿಯಾಗಬೇಡಿ. ಯು.ಜಿ.ಸಿ. ತಾನು ಒಪ್ಪಿದ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟ ಮೇಲೆ ಪತ್ರಿಕೆ ಅಸಲಿಯೋ ನಕಲಿಯೋ ನೋಡುವ ಹೊಣೆ ನಿಮ್ಮದು, ನಿಮ್ಮ ವಿಶ್ವವಿದ್ಯಾಲಯದ್ದು.

ಸಂಶೋಧನೆ ಮುಗಿದ ಮೇಲೆ ಸಂಗ್ರಹಿಸಿದ ಹೆಸರು, ಫೋನ್ ನಂಬರ್, ಧ್ವನಿಮುದ್ರಣ ಏನು ಮಾಡಬೇಕು?

ಹೆಸರಿನ ಪಟ್ಟಿ ಒಂದು ಕಡತ, ಉತ್ತರಗಳು ಇನ್ನೊಂದು ಕಡತ, ಎರಡನ್ನೂ ಜೋಡಿಸುವ ಸಂಕೇತ ಸಂಖ್ಯೆ ನಿಮ್ಮ ಬಳಿ ಮಾತ್ರ. ಇದನ್ನು ಮೊದಲ ದಿನದಿಂದಲೇ ಮಾಡಬೇಕು, ಕೊನೆಗಲ್ಲ. ಊರಿನ ಹೆಸರು ಬದಲಿಸಿದರೆ ಸಾಲದು. ‘ಸೋಲಾರ್ ಪಾರ್ಕಿನ ಪಕ್ಕದ ಊರಿನ ಮಾಜಿ ಅಧ್ಯಕ್ಷೆ’ ಎಂದರೆ ತಾಲ್ಲೂಕಿಗೆಲ್ಲ ಗೊತ್ತಾಗುತ್ತದೆ. ಒಪ್ಪಿಗೆ ಪಡೆಯುವಾಗ ಎಷ್ಟು ವರ್ಷ ಇಡುತ್ತೇವೆಂದು ಹೇಳಿದ್ದೀರೋ ಅಷ್ಟಕ್ಕೆ ಅಳಿಸಿ. ವೈಯಕ್ತಿಕ ದತ್ತಾಂಶ ರಕ್ಷಣೆಗೆ ಈಗ 2023ರ ಕಾಯ್ದೆಯೂ ಇದೆ. ಪೊಲೀಸರೋ ಕಂಪನಿಯವರೋ ಬಂದು ಪಟ್ಟಿ ಕೇಳಿದರೆ ಒಬ್ಬರೇ ಉತ್ತರ ಕೊಡಬೇಡಿ, ಲಿಖಿತವಾಗಿ ಕೇಳಿ ಎಂದು ಹೇಳಿ ವಿಭಾಗದ ಮುಖ್ಯಸ್ಥರಿಗೆ ಮತ್ತು ನೈತಿಕ ಸಮಿತಿಗೆ ಅದೇ ದಿನ ತಿಳಿಸಿ.